ಡ್ರಿಪ್ ಹಾಕಿದ್ರ ಉಳಿದ ನೀರ ಎಲ್ಲಿ ಹೋತು?

ವಿಜಯಪುರ ಕಡೆ ದ್ರಾಕ್ಷಿ, ಲಿಂಬಿ ತೋಟಕ್ಕ ಡ್ರಿಪ್ (ಹನಿ ನೀರಾವರಿ) ಬಂದು ಭಾಳ ದಿನಾ ಆತು, ಈಗ ಜಮಖಂಡಿ ಮುಧೋಳದಾಗ ಕಬ್ಬಿಗೂ ಹಾಕಾಕತ್ತಾರ. ಒಳ್ಳೇದ, ಎಕರೆ ಲೆಕ್ಕ ಹಿಡಿದ್ರ ಕಡಿಮಿ ನೀರಾಗ ಬೆಳಿ ಬರ್ತೈತಿ, ಎರಡ ಮಾತಿಲ್ಲ. ಹಂಗಾದ್ರ ಬೋರಿನ ನೀರ ಯಾಕ ಇನ್ನೂ ಕೆಳಗ ಇಳಿತೈತಿ?

ನೀರ ಉಳೀತು ಅಂದ್ರ ರೈತ ಸುಮ್ಮ ಕುಂಡ್ರೂದಿಲ್ಲ, ಬಾಜೂಕ ಖಾಲಿ ಬಿದ್ದ ಹೊಲಕ್ಕೂ ಪೈಪ್ ಎಳಿತಾನ. ನಾನಾಗಿದ್ರೂ ಎಳೀತಿದ್ದೆ ಬಿಡ್ರಿ, ತಲಿ ಮ್ಯಾಲ ಸಾಲ ಇರ್ತೈತಿ, 10 ಎಚ್‌ಪಿ ತನಕ ಪಂಪ್‌ಸೆಟ್ಟಿಗೆ ಕರೆಂಟ್ ಬಿಲ್ಲೂ ಇಲ್ಲ. ವಿಲಿಯಂ ಸ್ಟಾನ್ಲಿ ಜೆವನ್ಸ್ ಅನ್ನೋ ಇಂಗ್ಲೆಂಡಿನ ಅರ್ಥಶಾಸ್ತ್ರಜ್ಞ 1865ರಾಗನ ಇದನ್ನ ಬರದಾನ: ಕಡಿಮಿ ಕಲ್ಲಿದ್ದಲಿನಾಗ ಓಡೂ ಎಂಜಿನ್ ಬಂದಂಗ ಕಲ್ಲಿದ್ದಲಿನ ಖರ್ಚು ಇಳೀಲಿಲ್ಲ, ಏರಿತು.

ನೀರಿನಾಗ ಇನ್ನೊಂದು ಸೂಕ್ಷ್ಮ ಐತಿ. ಸಾಲಿಗೆ ಹರಿಬಿಟ್ಟ ನೀರೆಲ್ಲಾ ದಂಡ ಆಗ್ತಿರಲಿಲ್ಲ, ಒಂದ ಪಾಲು ಇಂಗಿ ಅದ ಬಾವಿಗೋ ಕೆಳಗಿನವರ ಬಾವಿಗೋ ಹೋಗ್ತಿತ್ತು. ಊರು ಬಿಟ್ಟ ಹೋಗೂದು ಎಲಿಯಿಂದ, ನೆಲದಿಂದ ಆವಿ ಆದ ನೀರು. ಡ್ರಿಪ್ ಹಾಕಿದ್ರ ನೆಲದ ಆವಿ ಒಂದಿಷ್ಟು ಕಡಿಮಿ ಆಗ್ತೈತಿ ಖರೆ, ಎಲಿಯಿಂದ ಹೋಗೂದು ಹೆಚ್ಚು ಕಡಿಮಿ ಅಷ್ಟ, ಮತ್ತ ಎಲಿ ಈಗ ಎರಡ ಪಟ್ಟು ಹೊಲದಾಗ ಐತಿ!

ಕಾಲುವಿ ನೀರ ಬಂದಲ್ಲಿ ಕಥಿ ಉಲ್ಟಾ. ಎರಿ ಮಣ್ಣಾಗ ನೀರ ಲಗೂನ ಬಸಿಯೂದಿಲ್ಲ, ಕಬ್ಬಿಗೆ ಕಟ್ಟಿ ಕಟ್ಟಿ ಕೆಳಗಿನ ನೀರ ಮ್ಯಾಲ ಏರ್ತೈತಿ, ಬಿಸಲಿಗೆ ಆವಿಯಾಗಿ ಉಪ್ಪು ಅಷ್ಟ ಉಳಿತೈತಿ, ಹೊಲ ಬೆಳ್ಳಗ ಸುಣ್ಣ ಚೆಲ್ಲಿದಂಗ ಕಾಣ್ತೈತಿ, ಅಲ್ಲಿ ಕಬ್ಬು ಗೇಣುದ್ದ ಬಂದು ನಿಂತಬಿಡ್ತೈತಿ. ಸವಳು-ಜವಳು ಅಂದ್ರ ಇದ.

ವರ್ಲ್ಡ್ ಬ್ಯಾಂಕಿನಾಗ ಕೆಲಸಾ ಮಾಡಿದ್ದ ಅರ್ಥಶಾಸ್ತ್ರಜ್ಞ ಹರ್ಮನ್ ಡೇಲಿ ಹಡಗಿನ ಉದಾಹರಣಿ ಕೊಡ್ತಿದ್ದರು. ಹಡಗದ ಮೈಮ್ಯಾಲ ಒಂದ ಗೆರಿ ಇರ್ತೈತಿ, ನೀರ ಆ ಗೆರಿ ಮುಟ್ಟಿದ್ರ ಮತ್ತ ಮಾಲು ಹೇರೂ ಹಂಗಿಲ್ಲ, ಬ್ರಿಟನ್ ಅದನ್ನ 1876ರಾಗನ ಕಾನೂನು ಮಾಡಿತು. ಮೂಟಿ ಎಷ್ಟ ಚಂದ ಜೋಡಿಸಿದ್ರೂ ಒಟ್ಟು ಭಾರ ಜಾಸ್ತಿ ಆದ್ರ ಹಡಗು ಮುಳಗೂದ. ನಾವು ಜೋಡಸೂದಕ್ಕ, ಅಂದ್ರ ಡ್ರಿಪ್ಪಿಗೆ, ಸಬ್ಸಿಡಿ ಕೊಟ್ಟೀವಿ, ಒಟ್ಟು ಇಷ್ಟ ನೀರ ಎತ್ತಬೇಕು ಅನ್ನೂ ಗೆರಿ ಮಾತ್ರ ಎಳದಿಲ್ಲ.

ಗೆರಿ ಎಳದ ಊರು ಐತಿ, ಮಹಾರಾಷ್ಟ್ರದ ಅಹಿಲ್ಯಾನಗರ (ಮೊದಲಿನ ಅಹ್ಮದನಗರ) ಜಿಲ್ಲೆಯ ಹಿವರೆ ಬಾಜಾರ್. ಪೋಪಟರಾವ್ ಪವಾರ್ ಸರಪಂಚ ಆದಮ್ಯಾಲ ಅಲ್ಲಿ ಗ್ರಾಮಸಭಾದಾಗ ವರ್ಷಾ ಮಳಿ ಲೆಕ್ಕ ಹಾಕಿ ಬೆಳಿ ಠರಾವು ಮಾಡ್ತಾರ, ಕಬ್ಬು ಬಂದ್, ನೀರಾವರಿಗೆ ಬೋರ್ ಬಂದ್.

ನಮ್ಮಲ್ಲಿ ಮಳಿ ವರ್ಷಕ್ಕ 600 ಮಿ.ಮೀ. ಆಸುಪಾಸು, ಕಬ್ಬಿಗೆ ಬೇಕಾಗೂದು 1500ರಿಂದ 2500. ಹಿಂಗಾರಿ ಬಿಳಿಜೋಳ ಎರಿ ಮಣ್ಣಿನ ಹಸಿ ಮ್ಯಾಲನ ಬಂದಬಿಡ್ತೈತಿ. ಆದ್ರ ಕಬ್ಬಿಗೆ ಫ್ಯಾಕ್ಟರಿಯವ್ರು ಇಷ್ಟ ಕೊಡಬೇಕಂತ ಎಫ್‌ಆರ್‌ಪಿ ಕಾನೂನು ಐತಿ, ಜೋಳಕ್ಕ ಬೆಂಬಲ ಬೆಲಿ ಘೋಷಣಾ ಆದ್ರೂ ಆ ರೇಟಿಗೆ ತಗೋಬೇಕಂತ ಯಾರ ಮ್ಯಾಲೂ ಕಾನೂನಿಲ್ಲ. ಹಿಂಗಿದ್ದಾಗ ರೈತಗ ಕಬ್ಬು ಬಿಡು ಅಂತ ಯಾವ ಬಾಯಿಲೆ ಹೇಳೂದು?