ಕ್ಯಾಶುವಾಲ್ಟಿಯಲ್ಲಿ ‘ನಾನೇ ಬಿದ್ದೆ’ ಅನ್ನಬೇಡಿ

ಕಾರು ಗುದ್ದಿ ಸೈಕಲ್ ಸವಾರನ ಕಾಲು ಮುರಿದಿರುತ್ತದೆ. ಆಸ್ಪತ್ರೆಯ ದಾಖಲೆಯಲ್ಲಿ ಮಾತ್ರ ‘ಸೈಕಲ್‌ನಿಂದ ತಾನೇ ಬಿದ್ದದ್ದು’ ಎಂದಿರುತ್ತದೆ. ಬರೆಸಿದವರು ಯಾರು? ಪೆಟ್ಟು ತಿಂದವರೇ! ಸ್ಟೇಷನ್ ಅಲೆದಾಟ ಯಾಕೆ, ಕಾರಿನವರೇ ಖರ್ಚು ಕೊಡ್ತೀವಿ ಅಂದಿದ್ದಾರಲ್ಲ ಎಂಬ ಲೆಕ್ಕ. ಮೊದಲ ಬಿಲ್ ಕಟ್ಟಿದ ಮೇಲೆ ಕಾರಿನವರು ಫೋನ್ ಎತ್ತುವುದಿಲ್ಲ. ಆಗ ಫೈಲ್ ಹಿಡಿದು ನಮ್ಮಂಥ ವಕೀಲರ ಬಳಿ ಬರುತ್ತಾರೆ.

ಪೇಪರ್ ಹಾಕುವ ಹುಡುಗನೊಬ್ಬನ ಅಪ್ಪನನ್ನು ಯಾಕೆ ಹೀಗೆ ಮಾಡಿದಿರಿ ಎಂದು ಕೇಳಿದೆ. ‘ಹೊಸದಾಗಿ ಕಾರು ಕಲಿತ ಹುಡುಗಿ ಸಾರ್, ಅಳ್ತಾ ನಿಂತಿತ್ತು. ಅದರ ಹತ್ರ ದುಡ್ಡು ಕಿತ್ಕೊಳ್ಳೋದಾ?’ ಅಂದರು. ಬೈಯಲು ಬಾಯಿ ಬರಲಿಲ್ಲ. ಆದರೆ ಪಾಲಿಸಿ ಚಾಲ್ತಿಯಲ್ಲಿದ್ದು, ಲೈಸೆನ್ಸ್ ಸರಿಯಿದ್ದರೆ ಸಾಮಾನ್ಯವಾಗಿ ದುಡ್ಡು ಕೊಡುವುದು ಇನ್ಶೂರೆನ್ಸ್ ಕಂಪನಿ, ಆ ಹುಡುಗಿ ಅಲ್ಲ. ಥರ್ಡ್ ಪಾರ್ಟಿ ವಿಮೆ ಕಡ್ಡಾಯ ಮಾಡಿರುವುದೇ ಅದಕ್ಕೆ. ನಿಮ್ಮ ಸೈಕಲ್‌ಗೆ ವಿಮೆ ಬೇಕಿಲ್ಲ. ಅವಳ ಮೇಲೆ ಕ್ರಿಮಿನಲ್ ಕೇಸ್ ಆಗುವುದಿಲ್ಲ ಅಂತ ಮಾತ್ರ ಹೇಳಲಾರೆ, ಅದು ಬೇರೆ ದಾರಿ.

ಎಫ್‌ಐಆರ್ ತಡವಾದರೆ ಅಷ್ಟು ಭಯ ಬೇಡ. ತಡವಾಯಿತೆಂಬ ಒಂದೇ ಕಾರಣಕ್ಕೆ ಪರಿಹಾರದ ಅರ್ಜಿ ತಳ್ಳಿಹಾಕಬಾರದೆಂದು ಸುಪ್ರೀಂ ಕೋರ್ಟ್ 2011ರಲ್ಲೇ ಹೇಳಿದೆ. ಆಪರೇಷನ್ ಆಗಿತ್ತು, ನೋಡಿಕೊಳ್ಳಲು ಬೇರೆ ಯಾರೂ ಇರಲಿಲ್ಲ ಎಂದು ತಡಕ್ಕೆ ಕಾರಣ ಕೊಡಬಹುದು. ‘ನಾನೇ ಬಿದ್ದೆ’ ಎಂಬುದಕ್ಕೆ ಏನು ಕಾರಣ ಕೊಡುತ್ತೀರಿ? ವಾರದ ನಂತರ ದೂರಿನಲ್ಲಿ ಕಾರಿನ ನಂಬರ್ ಬಂದರೆ, ಕಂಪನಿಯ ವಕೀಲರು ಆಸ್ಪತ್ರೆಯ ರಿಜಿಸ್ಟರ್ ತರಿಸುತ್ತಾರೆ. ಪರಿಹಾರಕ್ಕಾಗಿ ಕಾರನ್ನು ಆಮೇಲೆ ತಂದು ಸೇರಿಸಿದ್ದಾರೆ ಎನ್ನುತ್ತಾರೆ. ಅಲ್ಲಿ ಅವರಿಗೆ ಸಾಕ್ಷಿ ನೀವೇ.

ಹಾಗಾಗಿ ವಾಹನ ಗುದ್ದಿತು ಅಂತ ಹೇಳಿ, ಎಂಎಲ್‌ಸಿ (ಪೊಲೀಸರಿಗೆ ತಿಳಿಸಬೇಕಾದ ಕೇಸ್ ಎಂದು ಆಸ್ಪತ್ರೆಯಲ್ಲಿ ಮಾಡುವ ದಾಖಲೆ) ಮಾಡಿಸಿ. ತಪ್ಪಾಗಿ ಬರೆದಿದ್ದರೆ ಅವತ್ತೇ ಬರಹದಲ್ಲಿ ತಿದ್ದುಪಡಿ ಕೇಳಿ. ಗುದ್ದಿದ ವಾಹನ ಪತ್ತೆಯೇ ಆಗದಿದ್ದರೂ ತೀವ್ರ ಗಾಯಕ್ಕೆ 50,000 ರೂಪಾಯಿಯ ಸರ್ಕಾರಿ ಪರಿಹಾರ ಇದೆ. ಅದಕ್ಕೂ ದಾಖಲೆ ಬೇಕು. ಅಪಘಾತದ ಪರಿಹಾರ ತೀರ್ಮಾನಿಸುವ ನ್ಯಾಯಮಂಡಳಿಗೆ ಹಾಕುವ ಅರ್ಜಿಗೆ 6 ತಿಂಗಳ ಗಡುವನ್ನು ಕಾನೂನಿಗೆ ಸೇರಿಸಿದ್ದಾರೆ. ಅದರ ಬಗ್ಗೆ ತಕರಾರುಗಳಿವೆ, ಆದರೆ ನಂಬಿ ಕೂರಬೇಡಿ.

ಆ ಹುಡುಗನ ಕೇಸಿನಲ್ಲಿ 108 ಆಂಬ್ಯುಲೆನ್ಸ್‌ನವರು ಬರೆದ ಹಾಳೆಯಲ್ಲಿ ‘ಕಾರು ಡಿಕ್ಕಿ’ ಎಂದಿದೆಯಂತೆ. ಅದನ್ನು ತರಿಸಲು ಅರ್ಜಿ ಹಾಕಿದ್ದೇವೆ.