ಸರ್ಟಿಫಿಕೇಟಿನಲ್ಲಿ 7 ವರ್ಷ, ಮುಖದ ಮೇಲೆ ಮೀಸೆ

ಪ್ರಶ್ನೆ: ನನ್ನ ಮಗನಿಗೆ ಡೌನ್ ಸಿಂಡ್ರೋಮ್ ಇದೆ. ಈಗ 19 ವರ್ಷ. ಪರೀಕ್ಷೆ ಮಾಡಿದವರು 'ಮಾನಸಿಕ ವಯಸ್ಸು 7 ವರ್ಷ' ಅಂತ ಬರೆದುಕೊಟ್ಟಿದ್ದಾರೆ. ಈಚೆಗೆ ಸ್ನಾನ ಮಾಡಿಸಲು ಹೋದರೆ ಬೇಡ ಅಂತಾನೆ, ಬಚ್ಚಲ ಬಾಗಿಲು ಹಾಕಿಕೊಳ್ಳುತ್ತಾನೆ. ಅವನನ್ನು 7 ವರ್ಷದ ಮಗು ಅಂತ ನೋಡಬೇಕಾ, 19ರ ಹುಡುಗ ಅಂತ ನೋಡಬೇಕಾ?
– ಹರಿಹರದ ಒಬ್ಬ ತಾಯಿ

ಉತ್ತರ: 19ರ ಹುಡುಗ ಅಂತಲೇ ನೋಡಿ, ಅಕ್ಕಾ. ಬಾಗಿಲು ಹಾಕಿಕೊಳ್ಳಲಿ ಬಿಡಿ. ಜಾರಿ ಬಿದ್ದರೆ ಅನ್ನುವ ಭಯ ಇದ್ದರೆ ಹೊರಗಿನಿಂದಲೂ ತೆಗೆಯಲು ಬರುವ ಚಿಲಕ ಹಾಕಿಸಿ.

ಈ ಪ್ರಶ್ನೆ ನಮ್ಮ ಮನೆಯಲ್ಲೂ ಇತ್ತು. ನನ್ನ ತಮ್ಮನಿಗೂ ಡೌನ್ ಸಿಂಡ್ರೋಮ್. ಅವನಿಗೀಗ 31. ದಾವಣಗೆರೆಯ ನಮ್ಮ ಓಣಿಯಲ್ಲಿ ಎಲ್ಲರಿಗೂ ಅವನು 'ಪುಟ್ಟ'. ಹೈಸ್ಕೂಲ್ ಹುಡುಗರೂ 'ಏ ಪುಟ್ಟ, ಬಾರೋ ಇಲ್ಲಿ' ಅಂತಲೇ ಕರೆಯೋದು. ನನ್ನನ್ನು 'ಅಕ್ಕಾರೆ' ಅನ್ನುವ ಅದೇ ಹುಡುಗರು! ಯಾರಿಗೂ ಅವಮಾನ ಮಾಡುವ ಉದ್ದೇಶ ಇಲ್ಲ, ಪ್ರೀತಿಯೇ. ಆದರೆ ನಮ್ಮ ಭಾಷೆಯಲ್ಲಿ ಮನುಷ್ಯ ದೊಡ್ಡವನಾದ ಅನ್ನೋದು ಮೊದಲು ಗೊತ್ತಾಗುವುದೇ 'ಹೋಗೋ ಬಾರೋ' ನಿಂತು 'ಹೋಗ್ರಿ ಬರ್ರಿ' ಶುರುವಾದಾಗ, ಅಲ್ವಾ? ನನ್ನ ತಮ್ಮನ ಪಾಲಿಗೆ ಆ ದಿನ ಬರಲೇ ಇಲ್ಲ.

ಈಗ ಆ '7 ವರ್ಷ' ಎಲ್ಲಿಂದ ಬಂತು ಅಂತ ನೋಡೋಣ. 1905ರಲ್ಲಿ ಪ್ಯಾರಿಸ್‌ನಲ್ಲಿ ಬಿನೆ ಮತ್ತು ಸೀಮೊನ್ ಎನ್ನುವ ಇಬ್ಬರು ಒಂದು ಪರೀಕ್ಷೆ ತಯಾರಿಸಿದರು. ಶಾಲೆಯಲ್ಲಿ ಯಾವ ಮಕ್ಕಳಿಗೆ ಹೆಚ್ಚಿನ ಸಹಾಯ ಬೇಕು ಅಂತ ಕಂಡುಹಿಡಿಯುವುದು ಅವರ ಕೆಲಸವಾಗಿತ್ತು. 'ಈ ಮಗು ಇಷ್ಟು ಪ್ರಶ್ನೆ ಬಿಡಿಸಿತು, ಸಾಮಾನ್ಯವಾಗಿ ಇಷ್ಟನ್ನು 7 ವರ್ಷದ ಮಕ್ಕಳು ಬಿಡಿಸುತ್ತಾರೆ' ಎನ್ನುವ ಲೆಕ್ಕವೇ ಮಾನಸಿಕ ವಯಸ್ಸು. ನಮ್ಮ ಮಕ್ಕಳಿಗೆ ಹೊಂದಿಸಿದ ಬಿನೆ–ಕಾಮತ್ ಪರೀಕ್ಷೆಯಲ್ಲೂ ಅದೇ ಲೆಕ್ಕ. ಅಂದರೆ ಅದು ಅಂಕ, ವಯಸ್ಸಲ್ಲ. ನಮ್ಮಜ್ಜಿಗೆ ಮೊಬೈಲಿನಲ್ಲಿ ಫೋಟೊ ಹುಡುಕಲು ಬರುತ್ತಿರಲಿಲ್ಲ, 5 ವರ್ಷದ ಮರಿಮೊಮ್ಮಗ ಹುಡುಕಿಕೊಡುತ್ತಿದ್ದ. ಅಷ್ಟಕ್ಕೇ ಅಜ್ಜಿಗೆ 4 ವರ್ಷ ಅಂತ ಯಾರಾದರೂ ಬರೆದಿದ್ದರೆ ಕೋಲು ತಗೊಂಡು ಬರುತ್ತಿದ್ದಳು.

ಅಂಗವಿಕಲರ ಗುರುತಿನ ಕಾರ್ಡಿನಲ್ಲಿ ಅಂಗವೈಕಲ್ಯ ಇಷ್ಟು ಅಂತ ಬರೆಯುವ ಶೇಕಡಾವಾರು ಕೂಡ ಹಾಗೇ. ನಿಮ್ಮ ಮಗನದು ಬಹುಶಃ 75% ಇರುತ್ತದೆ. ಸೌಮ್ಯ ಅಂದರೆ 50, ಮಧ್ಯಮ ಅಂದರೆ 75, ತೀವ್ರ ಅಂದರೆ 90. ಇದು ಸೌಲಭ್ಯ ಕೊಡಲು ಸರ್ಕಾರ ಇಟ್ಟುಕೊಂಡ ಮೆಟ್ಟಿಲು ಅಷ್ಟೇ. ನಮ್ಮ ನೆಂಟರೊಬ್ಬರು ತಮ್ಮನ ಕಾರ್ಡ್ ನೋಡಿ, 'ಅಯ್ಯೋ, ಇನ್ನ ಕಾಲು ಭಾಗ ಬುದ್ಧಿ ಐತಲ್ಲ ಬಿಡವ್ವ' ಅಂದಿದ್ದರು. ಸಮಾಧಾನ ಮಾಡಿದ್ದು ಅವರು!

ಡೌನ್ ಸಿಂಡ್ರೋಮ್ ಇರುವವರಲ್ಲಿ ಒಂದು ವಿಶೇಷ ಇದೆ. ಕೇಳಿದ್ದು ನೆನಪಲ್ಲಿ ನಿಲ್ಲುವುದು ಕಷ್ಟ, ಕಂಡದ್ದು ಚೆನ್ನಾಗಿ ನಿಲ್ಲುತ್ತದೆ. ಮಾತಾಡುವುದಕ್ಕಿಂತ ಅರ್ಥ ಮಾಡಿಕೊಳ್ಳುವುದು ಜಾಸ್ತಿ. ಮಾತು ತೊದಲಿದರೆ ಬುದ್ಧಿಯೂ ಅಷ್ಟೇ ಅಂತ ಜನ ತೀರ್ಮಾನಿಸಿಬಿಡುತ್ತಾರೆ, ಅವನ ಮುಂದೆಯೇ ಅವನ ಬಗ್ಗೆ ಮಾತಾಡುತ್ತಾರೆ. ಅವನಿಗೆ ಎಲ್ಲ ಕೇಳಿಸುತ್ತಿರುತ್ತದೆ.

ನನ್ನ ತಮ್ಮ ನಮ್ಮ ಚಿಕ್ಕಪ್ಪನ ಮಂಡಕ್ಕಿ ಅಂಗಡಿಯಲ್ಲಿ ಕೂರುತ್ತಾನೆ. ಅವನಿಗೆ ಕೂಡುವ ಕಳೆಯುವ ಲೆಕ್ಕ ಬರುವುದಿಲ್ಲ. ಮೊದಲು ಬಾಯಲ್ಲಿ ಹೇಳಿಕೊಟ್ಟು ಹೇಳಿಕೊಟ್ಟು ಚಿಕ್ಕಪ್ಪನಿಗೆ ಸಾಕಾಯಿತು. ಆಮೇಲೆ ಚಿಕ್ಕಮ್ಮ ಒಂದು ರಟ್ಟಿನ ಮೇಲೆ ನೋಟುಗಳ ಬಣ್ಣದ ಚಿತ್ರ ಅಂಟಿಸಿದರು. ಸಣ್ಣ ಪೊಟ್ಟಣದ ಪಕ್ಕ ಒಂದು ಹಸಿರು ನೋಟು. ನಡುವಿನದಕ್ಕೆ ಒಂದು ನೀಲಿ. ದೊಡ್ಡದಕ್ಕೆ ಒಂದು ನೇರಳೆ. ಅದರ ಕೆಳಗಿನ ಸಾಲಿನಲ್ಲಿ, ಸಣ್ಣ ಪೊಟ್ಟಣಕ್ಕೆ ನೇರಳೆ ನೋಟು ಕೊಟ್ಟರೆ ವಾಪಸ್ ಕೊಡಬೇಕಾದ ನೀಲಿ, ಹಸಿರು, ಕಂದು. ಅವನು ನೋಟನ್ನು ಚಿತ್ರದ ಮೇಲೆ ಒಂದೊಂದಾಗಿ ಇಟ್ಟು, ಸರಿಹೊಂದಿದ ಮೇಲೆ ಕೊಡುತ್ತಾನೆ. ಅರ್ಧ ನಿಮಿಷ ಜಾಸ್ತಿ ಹಿಡಿಯುತ್ತದೆ. ಫೋನಿನಲ್ಲಿ ದುಡ್ಡು ಹಾಕುವುದು ಬಂದ ಮೇಲೆ ಇನ್ನೂ ಸುಲಭ, ಡಬ್ಬಿಯೇ ಕೂಗಿ ಹೇಳುತ್ತದೆ. ಅದು ಕೂಗುವ ತನಕ ಪೊಟ್ಟಣದ ಮೇಲಿನ ಕೈ ತೆಗೆಯುವುದಿಲ್ಲ, ಬಂದವರು ಎಷ್ಟೇ ಪರಿಚಯದವರಿರಲಿ.

'ಇವರು ಯಾವತ್ತೂ ಮಕ್ಕಳೇ' ಎನ್ನುವ ನಂಬಿಕೆಗೆ ಒಂದು ಹಳೇ ಕಾರಣವೂ ಇರಬಹುದು ಅಂತ ನನಗನ್ನಿಸುತ್ತದೆ. ಡೌನ್ ಸಿಂಡ್ರೋಮ್ ಇರುವ ಮಕ್ಕಳಲ್ಲಿ ಹತ್ತಿರ ಹತ್ತಿರ ಅರ್ಧದಷ್ಟು ಮಂದಿಗೆ ಹುಟ್ಟುವಾಗಲೇ ಹೃದಯದ ತೊಂದರೆ ಇರುತ್ತದೆ. ಆಪರೇಷನ್ ಇಲ್ಲದ ಕಾಲದಲ್ಲಿ ಎಷ್ಟೋ ಮಕ್ಕಳು ದೊಡ್ಡವರಾಗುತ್ತಲೇ ಇರಲಿಲ್ಲ. ಅಮೆರಿಕದಲ್ಲೇ 1983ರಲ್ಲಿ ಇವರ ಸರಾಸರಿ ಆಯಸ್ಸು 25 ಇತ್ತು, ಈಗ 60ರ ಹತ್ತಿರ ಬಂದಿದೆ. ನಿಮ್ಮ ಮಗನ ಮುಂದೆ ಇನ್ನೂ ಬಹಳ ವರ್ಷ ಇವೆ, ಅಷ್ಟೂ ವರ್ಷ ಅವನನ್ನು ಮಗು ಮಾಡಿ ಕೂರಿಸಲು ಆಗುತ್ತದಾ?

ಇನ್ನು ಸ್ನಾನದ ವಿಷಯ. ಇವರ ದೇಹ ಸುಮಾರಾಗಿ ಎಲ್ಲರ ವಯಸ್ಸಿಗೇ ಬೆಳೆಯುತ್ತದೆ. ಮೀಸೆ ಬರುತ್ತದೆ, ಹೆಣ್ಣುಮಕ್ಕಳಿಗೆ ಮುಟ್ಟು ಶುರುವಾಗುತ್ತದೆ, ಆಸೆಗಳೂ ಬರುತ್ತವೆ. 19 ವರ್ಷದ ತನಕ ಬೇರೆಯವರೇ ಬಟ್ಟೆ ಬಿಚ್ಚಿ ಮೈ ತೊಳೆಯುತ್ತಿದ್ದರೆ, ತನ್ನ ಮೈಯನ್ನು ಯಾರು ಬೇಕಾದರೂ ಮುಟ್ಟಬಹುದು ಅಂತಲೇ ಅವನು ಕಲಿಯುತ್ತಾನೆ. ಕೆಟ್ಟವರ ಕೈಗೆ ಸಿಕ್ಕರೆ 'ಬೇಡ' ಅನ್ನಲು ಬರುವುದಿಲ್ಲ. ನಿಮ್ಮ ಮಗ ಈಗಾಗಲೇ 'ಬೇಡ' ಅನ್ನುತ್ತಿದ್ದಾನೆ. ಅದನ್ನು ಹಠ ಅಂದುಕೊಂಡು ಬೈಯಬೇಡಿ. 'ಒಂದು ಮದುವೆ ಮಾಡಿಬಿಡು, ಎಲ್ಲ ಸರಿಹೋಗುತ್ತೆ' ಅನ್ನುವವರೂ ಬಂದೇ ಬರುತ್ತಾರೆ. ಅವರಿಗೆ ಚಹಾ ಕೊಟ್ಟು ಕಳಿಸಿ. ಇದು ಮದುವೆಯಿಂದ ವಾಸಿಯಾಗುವ ಕಾಯಿಲೆಯಲ್ಲ. ಕಾಯಿಲೆಯೇ ಅಲ್ಲ, ಹುಟ್ಟುವ ಮೊದಲೇ ಜೀವಕೋಶದಲ್ಲಿ 21ನೇ ಕ್ರೋಮೋಸೋಮು ಒಂದು ಜಾಸ್ತಿ ಸೇರಿರುತ್ತದೆ, 46ರ ಜಾಗದಲ್ಲಿ 47. ಇದು 1959ರಲ್ಲೇ ಗೊತ್ತಾಗಿದೆ. ಆದರೂ ಬಸುರಿಯಾಗಿದ್ದಾಗ ಗ್ರಹಣ ನೋಡಿದ್ದಕ್ಕೇ ಹೀಗಾಯಿತು ಅಂತ ನಮ್ಮಮ್ಮನಿಗೆ ಇವತ್ತಿಗೂ ಹೇಳುವವರಿದ್ದಾರೆ.

ಒಂದು ಎಚ್ಚರಿಕೆ ಮಾತ್ರ ಮರೆಯಬೇಡಿ. ತಮ್ಮನಿಗೆ 26 ಆದಾಗ ಇದ್ದಕ್ಕಿದ್ದಂತೆ ಮಂಕಾದ. ಅಂಗಡಿಗೆ ಹೋಗಲೊಲ್ಲ, ಇಡೀ ದಿನ ನಿದ್ದೆ. ತೋರಿಸಿದಾಗ ಒಬ್ಬ ಡಾಕ್ಟರು 'ಇಂಥವರು ಹೀಗೇ ಇರ್ತಾರಮ್ಮ' ಅಂದು ಟಾನಿಕ್ ಬರೆದರು. ನಾಲ್ಕು ತಿಂಗಳು ಹಾಗೇ ಕಳೆದೆವು. ಇನ್ನೊಬ್ಬರು ರಕ್ತ ಪರೀಕ್ಷೆ ಮಾಡಿಸಿದರೆ ಥೈರಾಯ್ಡ್! ದಿನಕ್ಕೊಂದು ಮಾತ್ರೆ, ಅಷ್ಟೇ. ಕೆಲವೇ ವಾರಗಳಲ್ಲಿ ಅಂಗಡಿಗೆ ವಾಪಸ್ ಹೋದ. ಇವರಲ್ಲಿ ಥೈರಾಯ್ಡ್, ಕಿವಿ ಮಂದವಾಗುವುದು, ಗೊರಕೆಯ ಜೊತೆ ನಿದ್ದೆಯಲ್ಲಿ ಉಸಿರು ಕಟ್ಟುವುದು ಜಾಸ್ತಿ. ವರ್ಷಕ್ಕೊಮ್ಮೆ ಥೈರಾಯ್ಡ್ ನೋಡಿಸಿ. ಯಾವ ಬದಲಾವಣೆಯನ್ನೂ 'ಅವನ ಬುದ್ಧಿಯೇ ಇಷ್ಟು' ಅಂತ ಬಿಟ್ಟುಬಿಡಬೇಡಿ.

ಕಾನೂನಿನ ಪ್ರಕಾರವೂ ಅವನು ದೊಡ್ಡವನೇ. ಮಗನಿಗೆ 18 ತುಂಬಿದ ಮೇಲೆ ತಂದೆತಾಯಿ ತಾವಾಗಿಯೇ ಕಾನೂನಿನ ಪೋಷಕರಾಗಿ (ಗಾರ್ಡಿಯನ್) ಉಳಿಯುವುದಿಲ್ಲ. ಬ್ಯಾಂಕಿಗೋ ಆಸ್ತಿ ಪತ್ರಕ್ಕೋ ಹೋದಾಗ ಇದು ಗೊತ್ತಾಗಿ ಕಕ್ಕಾಬಿಕ್ಕಿಯಾಗುವವರೇ ಹೆಚ್ಚು. 1999ರ ರಾಷ್ಟ್ರೀಯ ನ್ಯಾಸ (ನ್ಯಾಷನಲ್ ಟ್ರಸ್ಟ್) ಕಾಯ್ದೆಯಡಿ ಜಿಲ್ಲಾಧಿಕಾರಿಗಳು ಇರುವ ಸ್ಥಳೀಯ ಸಮಿತಿಗೆ ಅರ್ಜಿ ಕೊಟ್ಟು ಪೋಷಕತ್ವ ಪಡೆಯಬೇಕು. 2016ರ ಅಂಗವಿಕಲರ ಹಕ್ಕುಗಳ ಕಾಯ್ದೆ ಇನ್ನೊಂದು ಮಾತು ಹೇಳುತ್ತದೆ. ಪೋಷಕರು ಅವನ ಬದಲು ನಿರ್ಧಾರ ಮಾಡುವುದಲ್ಲ, ಅವನ ಜೊತೆ ಕೂತು ಮಾಡಬೇಕು. ಹಾಗೇ ಮತದಾರರ ಪಟ್ಟಿಗೂ ಹೆಸರು ಸೇರಿಸಿ. ಕೋರ್ಟು ಅಸ್ವಸ್ಥ ಚಿತ್ತ ಅಂತ ಘೋಷಿಸದ ಹೊರತು ಅವನ ವೋಟನ್ನು ಯಾರೂ ಕಿತ್ತುಕೊಳ್ಳುವಂತಿಲ್ಲ. ನನ್ನ ತಮ್ಮ ಯಾರಿಗೆ ಹಾಕುತ್ತಾನೆ ಅಂತ ನಮಗೆ ಹೇಳುವುದಿಲ್ಲ.

ಅಂಗವಿಕಲರಿಗೆ ತರಬೇತಿ, ಪುನರ್ವಸತಿ ಕೊಡುವ ಕೇಂದ್ರ ಸರ್ಕಾರದ ಪ್ರಾದೇಶಿಕ ಕೇಂದ್ರ (ಸಿಆರ್‌ಸಿ) ದಾವಣಗೆರೆಯಲ್ಲೇ ಇದೆ, ನಿಮಗೆ ಹತ್ತಿರ. ಒಂದು ಸಲ ಕರೆದುಕೊಂಡು ಬನ್ನಿ. ಅಂಕ ಎಷ್ಟು ಅಂತ ಕೇಳುವ ಬದಲು, ಮುಂದೆ ಏನು ಕಲಿಸಬಹುದು ಅಂತ ಕೇಳಿ.

ಸ್ನಾನ ಕಲಿಸಲು ಬಾಯಲ್ಲಿ ಹೇಳಬೇಡಿ, ಚಿತ್ರ ಅಂಟಿಸಿ. ನಮ್ಮ ಬಚ್ಚಲ ಗೋಡೆಯ ಮೇಲೆ ಆರು ಚಿತ್ರ ಇವೆ, ನೀರು ತಾಗದ ಹಾಗೆ ಪ್ಲಾಸ್ಟಿಕ್ ಹಾಕಿಸಿದ್ದೇವೆ. ತಲೆಗೆ ನೀರು, ಸೋಪು, ಕಂಕುಳು, ಕಿವಿಯ ಹಿಂದೆ, ಮತ್ತೆ ನೀರು, ಟವೆಲ್ಲು. ಐದನ್ನು ತಪ್ಪದೆ ಮಾಡುತ್ತಾನೆ. ಕಿವಿಯ ಹಿಂದಿನದನ್ನು ಮಾತ್ರ ಇವತ್ತಿಗೂ ಹಾರಿಸುತ್ತಾನೆ, ಬಾಗಿಲು ಹಾಕಿದ್ದರೆ ಯಾರು ನೋಡುತ್ತಾರೆ ಅಂತ.