ಪದ ಪರಿಚಯ: ಮರಣೋತ್ತರ ಆಲ್ಬಮ್

ಮರಣೋತ್ತರ ಅನ್ನೋ ಪದ ನಾವು ಹೆಚ್ಚಾಗಿ ಕೇಳೋದು ಎರಡೇ ಕಡೆ, ಒಂದು ಮರಣೋತ್ತರ ಪರೀಕ್ಷೆ, ಇನ್ನೊಂದು ಮರಣೋತ್ತರ ಪ್ರಶಸ್ತಿ. ಮೂರನೇದು ಮರಣೋತ್ತರ ಆಲ್ಬಮ್, ಅಂದ್ರೆ ಕಲಾವಿದ ತೀರಿಕೊಂಡ ಮೇಲೆ ಹೊರಗೆ ಬರೋ ರೆಕಾರ್ಡಿಂಗ್. ಇದು ನಮ್ಮನೆಗೇ ಬಂದು ಕೂರೋ ಪದ ಅಂತ ನಾನು ಅಂದ್ಕೊಂಡಿರಲಿಲ್ಲ. ನಮ್ಮ ಸೋದರಮಾವ ಮುಂಬೈ ಹತ್ರದ ಡೊಂಬಿವಲಿಯಲ್ಲಿ ನಲವತ್ತು ವರ್ಷ ಇದ್ದವ್ರು, ಮುಂಬೈಯ ಫೋರ್ಟ್ ಏರಿಯಾದ ಒಂದು ಆಫೀಸಲ್ಲಿ ಕೆಲಸ, ಸಂಜೆ ಲೋಕಲ್ ಇಳಿದು ಮನೆಗೆ ಬಂದು ಕೈಕಾಲು ತೊಳ್ಕೊಂಡು ಗಿಟಾರ್ ಹಿಡಿದ್ರೆ ಅತ್ತೆ ಊಟಕ್ಕೆ ಮೂರು ಸಲ ಕರೀಬೇಕಿತ್ತು. ಹೋದ ವರ್ಷ ತೀರಿಕೊಂಡ್ರು. ಆಮೇಲೆ ಅವರ ಫೋನಲ್ಲಿ ಹನ್ನೊಂದು ಆಡಿಯೋ ಫೈಲ್ ಸಿಕ್ಕಿದ್ವು, ಎಲ್ಲಾ ಅವರೇ ಕಟ್ಟಿದ ಟ್ಯೂನು, ಒಂದೂ ಪೂರ್ತಿ ಆಗಿಲ್ಲ. ಅತ್ತೆ ಕೇಳಿದ್ರು, "ಇದನ್ನ ಸರಿಮಾಡಿ ನಾಲ್ಕು ಜನ ಕೇಳೋ ಹಾಗೆ ಹಾಕ್ತೀಯೇನೋ?" ಹ್ಞೂಂ ಅಂದ್ಬಿಟ್ಟೆ, ಆದ್ರೆ ಸರಿಮಾಡೋದು ಅಂದ್ರೆ ಏನು ಅಂತ ಆಮೇಲೆ ತಿಂಗಳುಗಟ್ಲೆ ತಲೆ ಕೆಡಿಸ್ಕೊಂಡೆ.

ಮೊದಲು ಪದ ನೋಡೋಣ. ಮರಣ, ಅದಕ್ಕೆ ಉತ್ತರ ಸೇರಿ ಮರಣೋತ್ತರ, ಗುಣಸಂಧಿ. ಉತ್ತರ ಅಂದ್ರೆ ಇಲ್ಲಿ ದಿಕ್ಕೂ ಅಲ್ಲ ಜವಾಬೂ ಅಲ್ಲ, ಆಮೇಲಿನದು ಅಂತ. ಇಂಗ್ಲಿಷಲ್ಲಿ ಇದಕ್ಕೆ ಪೋಸ್ಟ್‌ಹ್ಯೂಮಸ್ ಅಂತಾರೆ, ಅದರ ಕಥೆ ಇನ್ನೂ ಚೆನ್ನಾಗಿದೆ. ಲ್ಯಾಟಿನ್ನಿನ ಪೋಸ್ಟುಮುಸ್ ಅಂದ್ರೆ ಕೊನೇದು ಅಂತಷ್ಟೇ, ಅಪ್ಪ ತೀರಿಕೊಂಡ ಮೇಲೆ ಹುಟ್ಟಿದ ಮಗುವಿಗೆ ಆ ಪದ ಬಳಸ್ತಿದ್ರು, ಆಮೇಲೆ ಯಾರೋ ಇದಕ್ಕೂ ಹ್ಯೂಮಸ್ಸಿಗೂ, ಅಂದ್ರೆ ಮಣ್ಣಿಗೂ, ಸಂಬಂಧ ಇದೆ ಅಂದ್ಕೊಂಡು ಮಧ್ಯ ಒಂದು ಹ ಸೇರಿಸಿದ್ರು. ನಂಗೆ ಆ ಮಗುವಿನ ಅರ್ಥವೇ ಹೆಚ್ಚು ಹಿಡಿಸುತ್ತೆ.

ಆದ್ರೆ ಈ ಪದದಲ್ಲಿ ಒಂದು ತೊಂದರೆ ಇದೆ. ಯಾವಾಗ ಹೊರಗೆ ಬಂತು ಅನ್ನೋದನ್ನ ಮಾತ್ರ ಹೇಳುತ್ತೆ, ಎಷ್ಟು ಮುಗಿದಿತ್ತು ಅನ್ನೋದನ್ನ ಹೇಳಲ್ಲ. ಉದಾಹರಣೆಗೆ ಪುಣೆಯಲ್ಲೇ ಬದುಕಿ 2011ರಲ್ಲಿ ತೀರಿಕೊಂಡ ನಮ್ಮ ಗದಗಿನ ಭೀಮಸೇನ ಜೋಶಿಯವರ ಹಳೇ ಕಛೇರಿ ಟೇಪ್ ಒಂದು ನಾಳೆ ಬಿಡುಗಡೆ ಆದ್ರೆ ಅದೂ ಮರಣೋತ್ತರವೇ, ಆದ್ರೆ ಅಪೂರ್ಣ ಅಲ್ಲ, ಅದು ಅವತ್ತೇ ಸಭೆ ಎದುರಿಗೆ ಮುಗಿದು ಚಪ್ಪಾಳೆ ಬಿದ್ದಿದ್ದು. ಅರ್ಧಕ್ಕೆ ನಿಂತಿದ್ದನ್ನ ಹಾಗೇ ಕೊಡೋದು ಬೇರೆ, ಅರ್ಧಕ್ಕೆ ನಿಂತಿದ್ದನ್ನ ಬೇರೆಯವರು ಮುಗಿಸಿ ಕೊಡೋದು ಇನ್ನೂ ಬೇರೆ. ಮೂರಕ್ಕೂ ಒಂದೇ ಪದ ಹಚ್ಚೋದ್ರಿಂದ ಕೇಳೋನಿಗೆ ಏನು ಕೇಳ್ತಿದೀನಿ ಅಂತಾನೇ ಗೊತ್ತಾಗಲ್ಲ.

ಅಕೂಸ್ಟಿಕ್ ಗಿಟಾರ್ ನುಡಿಸೋರ ಮಧ್ಯೆ ಈ ವಿಷ್ಯ ಬಂದ್ರೆ ಅಮೆರಿಕದ ಮೈಕೆಲ್ ಹೆಡ್ಜಸ್ ಹೆಸರು ಬಂದೇ ಬರುತ್ತೆ. ಎರಡೂ ಕೈ ಬೆರಳಲ್ಲಿ ತಂತಿ ಮೇಲೆ ತಟ್ಟಿ, ತಂತಿಗಳನ್ನ ತನ್ನಿಷ್ಟದಂಗೆ ಶ್ರುತಿ ಮಾಡ್ಕೊಂಡು, ಒಬ್ಬನೇ ನುಡಿಸಿದ್ರೂ ಮೂರು ಜನ ಕೂತ ಹಾಗೆ ಕೇಳಿಸ್ತಿದ್ದ, 1984ರ ಏರಿಯಲ್ ಬೌಂಡರೀಸ್ ಕೇಳಿದ್ರೆ ಗೊತ್ತಾಗುತ್ತೆ. 1997ರ ಡಿಸೆಂಬರಲ್ಲಿ ಕ್ಯಾಲಿಫೋರ್ನಿಯಾದಲ್ಲಿ ಕಾರ್ ಅಪಘಾತದಲ್ಲಿ ಹೋಗ್ಬಿಟ್ಟ, 43 ವರ್ಷ. ಅವನು ಬದುಕಿದ್ದಾಗಲೇ ಬಂದಿದ್ದ 1996ರ ಆರಕಲ್ ಆಲ್ಬಮ್ಮಿಗೆ 1998ರಲ್ಲಿ ಗ್ರ್ಯಾಮಿ ಬಂತು, ಅದು ಮರಣೋತ್ತರ ಪ್ರಶಸ್ತಿ. ಅವನು ಮುಗಿಸದೇ ಬಿಟ್ಟಿದ್ದ ರೆಕಾರ್ಡಿಂಗ್‌ಗಳು 1999ರಲ್ಲಿ ಟಾರ್ಚ್ಡ್ ಅಂತ ಬಂದ್ವು, ಅದು ಮರಣೋತ್ತರ ಆಲ್ಬಮ್. ಮಾವ ಫೋರ್ಟಿಂದ ಬರ್ತಾ ಕಾಲಾ ಘೋಡಾದ ರಿದಮ್ ಹೌಸ್‌ಗೆ ಹೊಕ್ಕಿ ಇಂಥವನ್ನೆಲ್ಲ ಹುಡುಕೋರು, ಆ ಅಂಗಡಿ 2016ರಲ್ಲಿ ಮುಚ್ಚಿದ ದಿನ ಮನೇಲಿ ಯಾರ ಜೊತೆಗೂ ಮಾತಾಡಿರಲಿಲ್ಲ.

ಒಂಟಿ ಗಿಟಾರಿನ ಅಪೂರ್ಣ ರೆಕಾರ್ಡಿಂಗ್ ಬೇರೆಯವಕ್ಕಿಂತ ಯಾಕೆ ಕಷ್ಟ ಅಂದ್ರೆ, ಸಿನಿಮಾ ಹಾಡಲ್ಲಾದ್ರೆ ದನಿ ಒಂದು ಟ್ರ್ಯಾಕು, ತಬಲಾ ಒಂದು, ಕೊಳಲು ಒಂದು, ಒಂದು ಇಲ್ದಿದ್ರೆ ಇನ್ನೊಬ್ಬರನ್ನ ಕರ್ಸಿ ನುಡಿಸಬಹುದು. ಇಲ್ಲಿ ಕೈ ಒಂದೇ. ಬೇಸ್, ರಾಗ, ತಾಳ ಎಲ್ಲಾ ಹತ್ತು ಬೆರಳಿಂದ ಒಂದೇ ಮೈಕಿಗೆ ಬಂದಿರುತ್ತೆ. ಜೊತೆಗೆ ಕ್ಲಿಕ್, ಅಂದ್ರೆ ಲಯ ಹಿಡಿಯೋಕೆ ಕಿವಿಯಲ್ಲಿ ಬಡಿಯೋ ಟಕ್ ಟಕ್ ಸದ್ದು, ಹಾಕ್ಕೊಂಡು ನುಡಿಸಿರಲ್ಲ, ಲಯ ಉಸಿರಿನ ಹಾಗೆ ಎಳೀತಾ ಬಿಡ್ತಾ ಹೋಗುತ್ತೆ. ಮೇಲೆ ಶ್ರುತಿ. ಗಿಟಾರಿನ ಆರು ತಂತಿಯ ಮಾಮೂಲಿ ಶ್ರುತಿ, ಪಾಶ್ಚಾತ್ಯ ಸ್ವರಗಳ ಹೆಸರಲ್ಲಿ, ಇ ಎ ಡಿ ಜಿ ಬಿ ಇ, ಮಾವ ಹೆಚ್ಚಾಗಿ ಇಡ್ತಿದ್ದದ್ದು ಡಿ ಎ ಡಿ ಜಿ ಎ ಡಿ, ಅದನ್ನ ನಮ್ಮ ಲೆಕ್ಕದಲ್ಲಿ ಹೇಳಿದ್ರೆ ಸ ಪ ಸ ಮ ಪ ಸ, ಹೆಚ್ಚುಕಮ್ಮಿ ತಂಬೂರಿ, ಬರೀ ತಂತಿ ಮೀಟಿದ್ರೂ ಮನೆ ತುಂಬುತ್ತೆ. ಎರಡು ಫೈಲಲ್ಲಿ ಇದೂ ಅಲ್ಲ ಅದೂ ಅಲ್ಲ ಬೇರೆ ಏನೋ ಇಟ್ಟಿದಾರೆ, ಎಲ್ಲೂ ಬರೆದಿಟ್ಟಿಲ್ಲ, ಒಂದೊಂದೇ ತಂತಿ ಕಿವಿಯಿಂದ ಹುಡುಕಿ ಹಿಡಿಯೋಕೆ ನಂಗೆ ಎರಡು ಭಾನುವಾರ ಬೇಕಾಯ್ತು.

ಬೇರೆಯವರು ಕೈ ಹಾಕೋದು ತಪ್ಪು ಅಂತ ನಾನು ಹೇಳ್ತಿಲ್ಲ. ಇಂಗ್ಲೆಂಡಿನ ಹಾಡುಗಾರ, ಗಿಟಾರ್ ವಾದಕ ನಿಕ್ ಡ್ರೇಕ್ 1974ರಲ್ಲಿ 26ನೇ ವಯಸ್ಸಿಗೆ ತೀರಿಕೊಂಡ, 2004ರಲ್ಲಿ ಬಂದ ಸಂಕಲನಕ್ಕೆ ಅವನ ಕಾಲೇಜು ಗೆಳೆಯ ರಾಬರ್ಟ್ ಕರ್ಬಿ ಮಾಡಿದ ವಾದ್ಯಸಂಯೋಜನೆ ಹೊಸದಾಗಿ ನುಡಿಸಿ ಸೇರಿಸಿದ್ರು. ಅವನ ಜೊತೆ ಕೂತು ಕೆಲಸ ಮಾಡಿದ್ದ ಗೆಳೆಯ, ಆ ಕೈಗೆ ಒಂದು ಹಕ್ಕಿತ್ತು ಅನ್ಸುತ್ತೆ. ಅಮೆರಿಕದ ಹಾಡುಗಾರ ಜೆಫ್ ಬಕ್ಲಿ 1997ರಲ್ಲಿ ನದೀಲಿ ಮುಳುಗಿ ಹೋದ, ಮರುವರ್ಷ ಬಂದ ಆಲ್ಬಮ್ಮಿನ ಹೆಸರು ಶುರುವಾಗೋದೇ ಸ್ಕೆಚಸ್ ಅಂತ, ಅಂದ್ರೆ ಇದು ಬರೀ ಗೆರೆ, ಚಿತ್ರ ಅಲ್ಲ ಅಂತ ಹೆಸರಲ್ಲೇ ಹೇಳ್ಬಿಟ್ರು. ನಮ್ಮಲ್ಲೇ ನೋಡಿ, ಅಪ್ಪು ಹೋದ ಮೇಲೆ 2022ರ ಮಾರ್ಚ್ 17ಕ್ಕೆ ಜೇಮ್ಸ್ ಬಂತು, ಡಬ್ಬಿಂಗ್ ಮುಗಿದಿರಲಿಲ್ಲ ಅಂತ ಶಿವಣ್ಣ ದನಿ ಕೊಟ್ರು, ಥಿಯೇಟರಲ್ಲಿ ಕೂತ ಪ್ರತಿಯೊಬ್ಬರಿಗೂ ಅದು ಯಾರ ದನಿ ಅಂತ ಗೊತ್ತಿತ್ತು, ಅದಕ್ಕೇ ಜನ ಅತ್ರು. ಆಮೇಲೆ ಟೆಕ್ನಾಲಜಿಯಿಂದ ಅಪ್ಪು ದನೀನೇ ಕೂರಿಸಿದ ಆವೃತ್ತಿನೂ ಬಂತು.

ಇನ್ನೂ ಹಳೇದು ಬಾಣಭಟ್ಟನ "ಕಾದಂಬರಿ" ಅನ್ನೋ ಹೆಸರಿನ ಸಂಸ್ಕೃತ ಗದ್ಯಕಾವ್ಯ. ಬಾಣ ಅರ್ಧದಲ್ಲಿ ತೀರಿಕೊಂಡ, ಮಗ ಭೂಷಣಭಟ್ಟ ಮುಗಿಸಿದ. ತನ್ನ ಭಾಗದ ಶುರುವಲ್ಲೇ ಮಗ ಹೇಳ್ತಾನೆ, ಅಪ್ಪ ಸ್ವರ್ಗಕ್ಕೆ ಹೋದಾಗ ಅವರ ಮಾತಿನ ಜೊತೆ ಕಥೆನೂ ತುಂಡಾಯ್ತು, ಅದು ಮುಗಿಯಲಿಲ್ಲ ಅಂತ ಸಜ್ಜನರು ಪಟ್ಟ ದುಃಖ ನೋಡಿ ಕೈ ಹಾಕ್ದೆ, ಕವಿ ಅನ್ನೋ ಸೊಕ್ಕಿಂದ ಅಲ್ಲ, ನ ಕವಿತ್ವದರ್ಪಾತ್. ಇವತ್ತಿಗೂ ಅಪ್ಪ ಬರೆದಿದ್ದು ಪೂರ್ವಭಾಗ, ಮಗ ಬರೆದಿದ್ದು ಉತ್ತರಭಾಗ. ಮರಣೋತ್ತರದ ಉತ್ತರಾನೇ ಅದು. ಎಲ್ಲಿ ಒಬ್ಬರ ಕೈ ನಿಂತು ಇನ್ನೊಬ್ಬರ ಕೈ ಶುರುವಾಯ್ತು ಅನ್ನೋದು ಸಾವಿರದ ಮುನ್ನೂರು ವರ್ಷ ಆದ್ಮೇಲೂ ಓದೋರಿಗೆ ಗೊತ್ತು. ಇವತ್ತಿನ ಆಲ್ಬಮ್ ಕವರ್ ಮೇಲೆ ಇಷ್ಟಾದ್ರೂ ಇರ್ಬೇಕು ಅನ್ನೋದೇ ನನ್ನ ಹಠ, ಯಾವ ಟ್ರ್ಯಾಕಲ್ಲಿ ಯಾವುದು ಅವರದ್ದು, ಯಾವುದು ಆಮೇಲೆ ಸೇರಿಸಿದ್ದು ಅಂತ.

ಕಾನೂನಿನ ಮಾತು ಚಿಕ್ಕದಾಗಿ ಹೇಳ್ಬಿಡ್ತೀನಿ. ನಮ್ಮ 1957ರ ಕಾಪಿರೈಟ್ ಕಾಯ್ದೆಯಲ್ಲಿ ಸಾಮಾನ್ಯವಾಗಿ ಸಂಗೀತ ರಚನೆಯ ಹಕ್ಕು ರಚಿಸಿದವರ ಜೀವಮಾನ ಆದ್ಮೇಲೆ 60 ವರ್ಷ, ಮರಣೋತ್ತರವಾಗಿ ಮೊದಲ ಸಲ ಪ್ರಕಟ ಆದ್ರೆ ಆ 60 ವರ್ಷ ಪ್ರಕಟ ಆದ ಮರುವರ್ಷದಿಂದ ಲೆಕ್ಕ. ಕೃತಿಯನ್ನ ವಿರೂಪ ಮಾಡಿದ್ರೆ ವಾರಸುದಾರರು ಆಕ್ಷೇಪ ಎತ್ತಬಹುದು.

ಮಾವನ ಮಗ ಪುಣೆಯಲ್ಲಿರೋದು, ಅವನಿಗೆ ತಬಲಾ ಸೇರಿಸ್ಬೇಕು ಅಂತ ಆಸೆ, ಅಪ್ಪನ ಟ್ಯೂನು ಬೋಳಾಗಿ ಕೇಳಿಸ್ಬಾರ್ದು ಅಂತ. ಬೇಡ ಅನ್ನೋಕೆ ಮನಸ್ಸು ಬರಲಿಲ್ಲ, ತಬಲಾ ನುಡಿಸೋ ಗೆಳೆಯನನ್ನ ಕೂರಿಸಿ ಒಂದು ಇಡೀ ದಿನ ಪ್ರಯತ್ನ ಮಾಡಿದ್ವಿ. ಸಂಜೆಗೆ ಅವನೇ ಹೆಡ್‌ಫೋನ್ ತೆಗೆದಿಟ್ಟು ಅಂದ, "ಇವ್ರು ಮಧ್ಯ ಮಧ್ಯ ನಿಂತು ಯೋಚ್ನೆ ಮಾಡ್ತಾರೆ, ಅಷ್ಟೊತ್ತು ನಾನು ಏನ್ ಬಾರಿಸ್ಲಿ?" ಏಳನೇ ಫೈಲಲ್ಲಿ ಅದು ನಿಚ್ಚಳವಾಗಿ ಕೇಳುತ್ತೆ, ಒಂದು ಸಾಲು ಮೇಲಕ್ಕೆ ಹೋಗಿ ನಿಲ್ಲುತ್ತೆ, "ಅಲ್ಲ ಅಲ್ಲ" ಅಂತಾರೆ, ಕೆಳಗಿಂದ ಮತ್ತೆ ಹಿಡೀತಾರೆ, ಎರಡನೇ ಸಲ ಬಂದಿದ್ದು ಎಷ್ಟು ಚೆನ್ನಾಗಿದೆ ಅಂದ್ರೆ ಮೊದಲನೇದು ಕೇಳದೇ ಇದ್ರೆ ಅದು ಎಷ್ಟು ಚೆನ್ನಾಗಿದೆ ಅಂತ ತಿಳಿಯಲ್ಲ. ಅದನ್ನ ಕತ್ತರಿಸಿ ಒಂದೇ ಮಾಡೋದು ಎರಡು ನಿಮಿಷದ ಕೆಲಸ. ಮಾಡಲಿಲ್ಲ.

ಫ್ಯಾನಿನ ಸದ್ದು ತೆಗೆಯೋಕೆ ಸಾಫ್ಟ್‌ವೇರ್ ಹಾಕಿ ನೋಡ್ದೆ, ಫ್ಯಾನ್ ಹೋಯ್ತು, ಜೊತೆಗೆ ತಂತಿಗೆ ಉಗುರು ತಾಗೋ ಸಣ್ಣ ಕಿರುಕ್ ಸದ್ದೂ ಹೋಯ್ತು, ಮಾವ ಕೈಗೆ ಗ್ಲೌಸ್ ಹಾಕ್ಕೊಂಡು ನುಡಿಸಿದಂಗೆ ಆಯ್ತು. ವಾಪಸ್ ತಂದೆ. ನಾಲ್ಕನೇ ಫೈಲಲ್ಲಿ ಕುಕ್ಕರ್ ಸೀಟಿ ಇದೆ, ಅದನ್ನಾದ್ರೂ ತೆಗೀಲಾ ಅಂತ ಅತ್ತೆ ಹತ್ರ ಕೇಳ್ದೆ. ಅವ್ರು ಇನ್ನೊಂದ್ಸಲ ಹಾಕು ಅಂದ್ರು, ಕೇಳಿ, "ಬೇಡ, ಇರ್ಲಿ, ಅದು ನಾನಿಟ್ಟ ಕುಕ್ಕರ್" ಅಂದ್ರು.

ಹನ್ನೊಂದೂ ಹಾಗೇ ಇದಾವೆ, ಸದ್ದಿನ ಮಟ್ಟ ಮಾತ್ರ ಒಂದೇ ಸಮ ಮಾಡಿದೀನಿ, ಅದನ್ನೂ ಬರೆದಿದೀನಿ. ಪ್ರತಿ ಫೈಲಿನ ಕೆಳಗೆ ಶ್ರುತಿ ಯಾವುದು, ಎಷ್ಟು ನಿಮಿಷ, ಎಲ್ಲಿ ನಿಂತಿದೆ ಅಂತ ಇದೆ. ಕೊನೇ ಫೈಲಿಗೆ ಬರೆದಿರೋದು ಇಷ್ಟು: ಸ ಪ ಸ ಮ ಪ ಸ, ಒಂದು ನಿಮಿಷ ಐವತ್ತು ಸೆಕೆಂಡ್, ಡೊಂಬಿವಲಿ ಮನೆ, ಅರ್ಧ.